ಬೇಳೆ ಬೇಯುವ ನೀರು

ತಿಪಟೂರಿನ ನೀರನ್ನು ಹೊರಗಿನವರು ಬೈದರೆ ನನಗೆ ಸಿಟ್ಟು ಬರುತ್ತದೆ. ಬೈಯುವ ಹಕ್ಕು ಕುಡಿಯುವ ನಮಗೆ ಮಾತ್ರ. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ, ನಿಜ. ಹಂಡೆಯೊಳಗೆ ಸುಣ್ಣ ಬಳಿದ ಹಾಗೆ ಪೊರೆ ಕಟ್ಟುತ್ತದೆ, ಅದೂ ನಿಜ. ತೊಗರಿಬೇಳೆಯನ್ನು ಬೆಳಿಗ್ಗೆ ಒಲೆಗೆ ಇಟ್ಟರೆ ಮಧ್ಯಾಹ್ನವೂ ಬೇಯದೆ ನಮ್ಮನ್ನೇ ನೋಡುತ್ತಿರುತ್ತದೆ. ಇಷ್ಟು ಬಿಟ್ಟರೆ ನಮ್ಮ ನೀರಿಗೆ ಬೇರೆ ದೋಷವಿಲ್ಲ. ಇಂಥ ನೀರಿನ ಊರಲ್ಲಿ ಮೀನು ಸಾಕುತ್ತೇನೆಂದು ಎದೆ ತಟ್ಟಿಕೊಂಡವನು ನನ್ನ ಪಕ್ಕದ ಮನೆಯ ತೋಂಟದಾರ್ಯ ಒಬ್ಬನೇ.

ಅವನೂ ನಾನೂ ಒಂದೇ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ನಮ್ಮ ಸಾಹುಕಾರ ಶಂಭುಲಿಂಗಯ್ಯನವರು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಗಾಜಿನ ತೊಟ್ಟಿಯೊಳಗೆ ಮೀನು ಆಡುವುದನ್ನು ಕಂಡು ಮನಸೋತರು. ಅಂಥದೇ ತೊಟ್ಟಿ, ಒಂದು ಡಜನ್ ಮೀನು ತಂದು ಮಂಡಿಯಲ್ಲಿ ತಾವು ಕೂರುವ ಮೆತ್ತೆಯ ಪಕ್ಕ ಇಟ್ಟರು. ಸಂಕ್ರಾಂತಿಗೆ ಬಂದ ಡಜನ್ನು ಶಿವರಾತ್ರಿಯ ಹೊತ್ತಿಗೆ ಎರಡೇ ಎರಡಕ್ಕೆ ಇಳಿದಿತ್ತು. ಈ ಜಾತಿಗೆ ಮೆದು ನೀರೇ ಆಗಬೇಕು ಎಂದು ಅಂಗಡಿಯವನು ಹೇಳಿಯೇ ಕಳಿಸಿದ್ದನಂತೆ.

"ಈ ಊರಲ್ಲಿ ಮನುಷ್ಯರಿಗೇ ಮೆದು ನೀರಿಲ್ಲ, ಮೀನಿಗೆಲ್ಲಿ ತರೋಣ? ಉಳಿದ ಎರಡನ್ನೂ ಕೆರೆಗೆ ಬಿಟ್ಟು ಬನ್ರಯ್ಯ" ಅಂದರು ಸಾಹುಕಾರರು.

ಆಗ ತೋಂಟದಾರ್ಯ ಎದ್ದು ನಿಂತ. ಯಾರೂ ಅವನನ್ನು ಕೇಳಿರಲಿಲ್ಲ. ಯಾರೂ ಕೇಳದಿದ್ದಾಗಲೇ ಅವನು ಏಳುವುದು. "ಸ್ವಾಮಿ, ನೀರಿನ ಗುಣ ಗೊತ್ತಿಲ್ದೆ ಮೀನು ಸಾಕಬಾರದು. ನನ್ನ ಕೈಗೆ ಕೊಡಿ. ಮರಿ ಮಾಡಿಸಿ ವಾಪಸ್ ಕೊಡ್ತೀನಿ!" ಅಂದ. ಈ ಮನುಷ್ಯ ಅದುವರೆಗೆ ಹತ್ತಿರದಿಂದ ನೋಡಿದ್ದ ಮೀನೆಂದರೆ ಕ್ಯಾಲೆಂಡರಿನ ಮತ್ಸ್ಯಾವತಾರ ಒಂದೇ.

ತೊಟ್ಟಿ ಮನೆಗೆ ಬಂತು. ಅವನ ಹೆಂಡತಿ ಶಿವರುದ್ರಮ್ಮ ಬಾಗಿಲಿಗೆ ಅಡ್ಡ ನಿಂತರು.

"ಲಿಂಗ ಕಟ್ಟಿದೋರ ಮನೆಗೆ ಮೀನಾ? ಏನ್ರೀ ಬಂದೈತೆ ನಿಮಗೆ?"

"ತಿನ್ನೋಕಲ್ಲ ಕಣೇ, ನೋಡೋಕೆ."

"ನೋಡೋಕೆ ಮೀನೇ ಆಗ್ಬೇಕಾ? ಹಿತ್ತಲಲ್ಲಿ ಹಸ ಇಲ್ವಾ?" ಆಕೆ ಬಗ್ಗಿ ಗಾಜಿನೊಳಗೆ ನೋಡಿದರು. ಅಂಗೈ ಅಗಲದ, ತೆಳ್ಳನೆಯ ಬೆಳ್ಳಿ ಬಣ್ಣದ ಮೀನು. ಮೈಮೇಲೆ ನೆಟ್ಟಗೆ ಮೂರು ಕಪ್ಪು ಪಟ್ಟೆ. "ಅಯ್ಯೋ ಶಿವನೇ, ಇವು ನಾಮದೋರ ಮೀನು! ಉದ್ದಕ್ಕೆ ಹಾಕ್ಕೊಂಡವೆ ನೋಡಿ!"

ತೋಂಟದಾರ್ಯ ತಲೆ ಕೆರೆದುಕೊಂಡ. "ಅಡ್ಡ ಮಲಗಿದ್ರೆ ವಿಭೂತಿನೇ ಅಲ್ವೇನೇ?"

ಆಕೆ ಸೆರಗು ಸಿಕ್ಕಿಸಿಕೊಂಡು ಇನ್ನೊಂದು ಸಲ ಬಗ್ಗಿ ನೋಡಿದರು. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ತೊಟ್ಟಿ ನಡುಮನೆಯ ಮೂಲೆಯಲ್ಲಿ, ಹಳೇ ಸೀರೆಯ ಪರದೆ ಹಿಂದೆ ಇರಬೇಕು. "ಹೊರಗೆ ಒಂದು ನರಪಿಳ್ಳೆಗೂ ಗೊತ್ತಾಗಕೂಡದು. ನಾಳೆ ಗಿರಿಜಂಗೆ ಗಂಡು ನೋಡೋ ಮನೆ ಇದು."

ಗಿರಿಜಾಂಬಿಕಾ ಅವರ ಒಬ್ಬಳೇ ಮಗಳು. ಬಿಎಸ್ಸಿ ಕೊನೆಯ ವರ್ಷ, ಯುಗಾದಿ ಕಳೆದರೆ ಪರೀಕ್ಷೆ. ಅವರ ಮನೆತನದಲ್ಲಿ ಪಿಯುಸಿ ದಾಟಿದ ಮೊದಲ ಹೆಣ್ಣು. ಪರೀಕ್ಷೆ ಮುಗಿಯುವ ತನಕ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು ತೋಂಟದಾರ್ಯ ಮಗಳಿಗೆ ಲಿಂಗ ಮುಟ್ಟಿ ಮಾತು ಕೊಟ್ಟಿದ್ದ. ಅವನು ಜೀವನದಲ್ಲಿ ಯೋಚನೆ ಮಾಡಿ ಆಡಿದ ಮಾತು ಅದೊಂದೇ ಎಂದು ಕಾಣುತ್ತದೆ.

"ಅಪ್ಪಾ, ಮಳೆನೀರಿಗಿಂತ ಮೆದು ನೀರು ಇನ್ನೊಂದಿಲ್ಲ. ಹಿಡಿದಿಟ್ಕೊಂಡ್ರೆ ಸಾಕು" ಅಂದಳು ಗಿರಿಜ.

"ಮಳೆ ಬರೋವರ್ಗೂ ಮೀನು ಕಾಯ್ಕೊಂಡು ಕೂತಿರ್ತದೇನವ್ವಾ?"

"ಹಂಗಾದ್ರೆ ಕಾಯಿಸಿ, ಆರಿಸಿ ಹಾಕಿ. ಗಡಸು ಸ್ವಲ್ಪ ಇಳಿಯುತ್ತೆ."

"ನನ್ನ ಸೌದೇಲಿ ಮೀನಿಗೆ ನೀರು ಕಾಯಿಸ್ತಾರಂತೆ!" ಎಂದು ಅಡುಗೆಮನೆಯಿಂದ ದನಿ ಬಂತು. ಅಲ್ಲಿಗೆ ರಸಾಯನಶಾಸ್ತ್ರ ಮುಗಿಯಿತು.

ತೋಂಟದಾರ್ಯನದು ಬೇರೆ ಶಾಸ್ತ್ರ. ಬೇಳೆ ಬೇಯುವ ನೀರೇ ಮೆದು ನೀರು, ಆದ್ದರಿಂದ ಬೇಳೆ ಬೇಯಿಸಿ ನೋಡಿ ನೀರು ಆಯ್ದುಕೊಳ್ಳಬೇಕು. ಭಾನುವಾರ ಬೆಳಿಗ್ಗೆ ಮಡಿಕೆ ಕೆಡದ ಪಂಚೆ ಉಟ್ಟು, ಜರಿ ವಲ್ಲಿ ಹೊದ್ದು, ಒಂದು ಕೈಯಲ್ಲಿ ಹಿತ್ತಾಳೆ ಬಿಂದಿಗೆ, ಇನ್ನೊಂದರಲ್ಲಿ ತೊಗರಿಬೇಳೆಯ ಪೊಟ್ಟಣ ಹಿಡಿದು ಹೊರಟ. ಜೊತೆಗೆ ನನ್ನನ್ನೂ ಎಳೆದುಕೊಂಡ. "ಮೀನು ಅನ್ನೋ ಮಾತು ಬಾಯಿಂದ ಬಂದ್ರೆ ನೋಡ್ಲಾ!" ಎಂದು ಬಸ್ಸಿನಲ್ಲಿ ಎರಡು ಸಲ ಎಚ್ಚರಿಸಿದ.

ಹಂದನಕೆರೆಯಲ್ಲಿ ಇಳಿದು ಟೀ ಅಂಗಡಿಯಲ್ಲಿ ಕೇಳಿದ: "ಈ ಊರಲ್ಲಿ ಬೇಳೆ ಬೇಯೋ ನೀರು ಯಾರ ಮನೆ ಬಾವೀಲೈತಪ್ಪ?"

ಅಂಗಡಿಯವನು ಪಂಚೆ ನೋಡಿದ, ವಲ್ಲಿ ನೋಡಿದ, ಬೇಳೆಯ ಪೊಟ್ಟಣ ನೋಡಿದ. ಟೀ ಲೋಟ ಕೆಳಗಿಟ್ಟು ಎದ್ದುನಿಂತ. "ಮರುಳಪ್ಪನೋರ ಮನೆಗೆ ಬನ್ನಿ ಸ್ವಾಮಿ. ಒಳ್ಳೆ ತೋಟ, ಒಳ್ಳೆ ಜನ" ಎಂದು ತಾನೇ ಮುಂದೆ ನಡೆದ. ನೀರು ಕೇಳಿದರೆ ತೋಟದ ಮಾತು ಯಾಕೆ ಬಂತು ಎಂದು ನನಗೂ ಒಂದು ಕ್ಷಣ ಅನ್ನಿಸಿತ್ತು.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ನೀರು ನೋಡಿ ಹೆಣ್ಣು ಕೊಡು ಅನ್ನುವುದು ಹಳಬರ ಮಾತು. ಹೆಣ್ಣಿನ ತಂದೆ ಗಂಡಿನ ಮನೆಗೆ ಹೋಗಿ ಬಾವಿಯ ನೀರು ಮುಟ್ಟಿ, ಬೇಳೆ ಬೇಯುತ್ತದೋ ಇಲ್ಲವೋ ವಿಚಾರಿಸುತ್ತಿದ್ದ. ಮಗಳು ಜೀವಮಾನವೆಲ್ಲ ಒಲೆ ಊದಬೇಕಲ್ಲ! ಮನಸ್ಸಿಗೆ ಬರದಿದ್ದರೆ ಎಲೆಅಡಿಕೆ ಹಾಕಿಕೊಂಡು ಎದ್ದು ಬರುತ್ತಿದ್ದ. ಮನಸ್ಸಿಗೆ ಬಂದರೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ. ಉಂಡರೆ ಸಂಬಂಧ ಒಪ್ಪಿದ ಹಾಗೆ. ಈಗ ಯಾರೂ ಬೇಳೆ ಹಿಡಿದು ಹೋಗುವುದಿಲ್ಲ, ಆದರೆ ಉಣ್ಣುವ ವಿಷಯದಲ್ಲಿ ಮಾತ್ರ ಇವತ್ತಿಗೂ ಬಲು ಜೋಪಾನ. ತೋಂಟದಾರ್ಯನಿಗೆ ಇದೆಲ್ಲ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಒಂದು ಹೊತ್ತಿಗೆ ಒಂದೇ ವಸ್ತು ಇರುತ್ತದೆ, ಆಗ ಅಲ್ಲಿ ಮೀನಿತ್ತು. ನನ್ನ ತಲೆ ಎಲ್ಲಿ ಹೋಗಿತ್ತು ಅಂದಿರಾ? ಒಳಗಿನಿಂದ ತುಪ್ಪ ಕಾಯಿಸುವ ವಾಸನೆ ಬರುತ್ತಿತ್ತು.

ಮರುಳಪ್ಪನವರು ಕಂಬಳಿ ಹಾಸಿ ಕೂರಿಸಿದರು. "ಈ ಕಾಲ್ದಲ್ಲೂ ಬೇಳೆ ಹಿಡ್ಕೊಂಡು ಬಂದಿದ್ದೀರಲ್ಲ, ದೊಡ್ಡ ಮನುಷ್ಯರು ಕಣ್ರೀ ನೀವು" ಎಂದು ಕಣ್ಣು ಒದ್ದೆ ಮಾಡಿಕೊಂಡರು. "ಮನೇಲಿ ಮಕ್ಕಳೆಷ್ಟು?"

"ಒಬ್ಬಳೇ ಮಗಳು. ಬಿಎಸ್ಸಿ ಓದ್ತಾವ್ಳೆ."

"ಸಂತೋಷ. ಏನ್ ವಿಚಾರ ಅಂತ ನಾವು ಬಾಯಿಬಿಟ್ಟು ಕೇಳಲ್ಲ ಬುಡಿ."

"ಕೇಳಬ್ಯಾಡಿ. ಈಗ್ಲೇ ಹೇಳೋ ಹಂಗಿಲ್ಲ" ಅಂದ ತೋಂಟದಾರ್ಯ, ಬಲು ಗಂಭೀರವಾಗಿ. "ನೀರಿನ ವಿಚಾರದಲ್ಲಿ ಮಾತ್ರ ನಂದು ರಾಜಿ ಇಲ್ಲ ಸ್ವಾಮಿ."

ಮರುಳಪ್ಪನವರ ಹೆಂಡತಿ ಪೊಟ್ಟಣ ಇಸಿದುಕೊಂಡು ಒಳಗೆ ಹೋದವರು, ನಾವು ನಾಲ್ಕು ಮಾತು ಆಡಿ ಮುಗಿಸುವಷ್ಟರಲ್ಲಿ ಬೆಣ್ಣೆಯಂತೆ ಬೆಂದ ಬೇಳೆ ತಂದು ಮುಂದಿಟ್ಟರು. ತೋಂಟದಾರ್ಯ ಬೆರಳಲ್ಲಿ ಹಿಸುಕಿ ನೋಡಿ "ಆಹಾ!" ಅಂದ. ಬೆಂದ ಬೇಳೆ ಬಿಸಾಡುವುದುಂಟೆ? ಬಾಯಿಗೆ ಹಾಕಿಕೊಂಡ. ಬರೀ ಬೇಳೆ ತಿನ್ನುವುದುಂಟೆ ಎಂದು ಅವರು ಅನ್ನ ಬಡಿಸಿದರು. ಅನ್ನದ ಮೇಲೆ ತುಪ್ಪ ಬಂತು. ನಾವಿಬ್ಬರೂ ಚೆನ್ನಾಗಿಯೇ ಹೊಡೆದೆವು. ಮನೆಯ ಹೆಂಗಸರೆಲ್ಲ ಬಾಗಿಲ ಹಿಂದೆ ನಿಂತು ನಾವು ತುತ್ತು ನುಂಗುವುದನ್ನೇ ನೋಡುತ್ತಿದ್ದರು. ಹಳ್ಳಿಯ ಜನ ಎಷ್ಟು ಒಳ್ಳೆಯವರು ಎಂದು ನಾನು ಅಂದುಕೊಂಡೆ.

ಬಿಂದಿಗೆ ತುಂಬಿಸಿಕೊಂಡು ಊರಿಗೆ ತಂದು, ಮನೆಯಲ್ಲಿ ಅದೇ ನೀರಿಗೆ ಬೇಳೆ ಹಾಕಿದರೆ ಸಾಯಂಕಾಲದ ತನಕ ಒಂದು ಕಾಳೂ ಮೆತ್ತಗಾಗಲಿಲ್ಲ. "ಬಸ್ಸಿನ ಕುಲುಕಾಟಕ್ಕೆ ನೀರು ಗಡಸಾಗಿರಬೇಕು" ಎಂದು ತೋಂಟದಾರ್ಯ ತೀರ್ಮಾನಿಸಿದ. ಇನ್ನೊಂದು ಸಲ ನೋಡಿಬಿಡೋಣ ಎಂದು ಮುಂದಿನ ಭಾನುವಾರ ಮತ್ತೆ ಹಂದನಕೆರೆಗೆ ಹೋದೆವು. "ಹೋದ್ಸಲದ ನೀರು ನಮ್ಮನೇಲಿ ಬೇಯಲಿಲ್ಲ" ಅನ್ನುತ್ತಿದ್ದ ಹಾಗೇ ಮರುಳಪ್ಪನವರ ಹೆಂಡತಿಯ ಮುಖ ಕಪ್ಪಿಟ್ಟಿತು. ಅವತ್ತು ಬಿಂದಿಗೆಯನ್ನು ಅವರೇ ಒಳಗೆ ತೆಗೆದುಕೊಂಡು ಹೋಗಿ ತುಂಬಿಸಿ ತಂದರು. ನಮಗೆ ಹೋಳಿಗೆ ಊಟವಾಯಿತು. ನೀರು ಕೇಳಲು ಬಂದವರಿಗೆ ಹೋಳಿಗೆ ಸ್ವಲ್ಪ ಜಾಸ್ತಿಯೇ ಆಯಿತೇನೋ ಅನ್ನಿಸಿತು. ಆದರೆ ಎಲೆಯ ಮೇಲೆ ಕೂತ ಹೋಳಿಗೆಯನ್ನು ಅಡ್ಡಪ್ರಶ್ನೆ ಕೇಳುವ ಅಭ್ಯಾಸ ನನಗಿಲ್ಲ.

ಈ ಸಲದ ನೀರಲ್ಲಿ ಬೇಳೆ ಇಟ್ಟದ್ದೇ ತಡ, ಕರಗಿ ಹೋಯಿತು. ತೋಂಟದಾರ್ಯ ಕುಣಿದಾಡಿ ಅಷ್ಟನ್ನೂ ತೊಟ್ಟಿಗೆ ಸುರಿದ. ಮರುದಿನ ಬೆಳಿಗ್ಗೆ ಎರಡೂ ಮೀನು ಓರೆಯಾಗಿ ತೇಲುತ್ತಿದ್ದವು, ಬಾಯಿ ಬಿಟ್ಟುಕೊಂಡು.

ಶಿವರುದ್ರಮ್ಮ ಗಾಜಿಗೆ ಮುಖ ಒತ್ತಿ ನೋಡಿ, "ಏನ್ರೀ, ಅಡ್ಡ ಆಗ್ತಾ ಅವೆ. ನಮ್ಮ ಮತಕ್ಕೆ ಬರ್ತಾ ಅವೆ" ಅಂದರು. ಅಂದದ್ದೇನೋ ಹಾಗೆ, ಗಾಜಿನಿಂದ ಮುಖ ಮಾತ್ರ ತೆಗೆಯಲಿಲ್ಲ. ನಮಗೆ ಯಾರಿಗೂ ತಿಳಿಯದ ಹಾಗೆ ಆಕೆಗೆ ಆ ಮೀನುಗಳ ಮೇಲೆ ಅಕ್ಕರೆ ಹುಟ್ಟಿಬಿಟ್ಟಿತ್ತು. ಗಿರಿಜ ಬಿಂದಿಗೆಯ ತಳದ ನೀರು ನಾಲಿಗೆಗೆ ಮುಟ್ಟಿಸಿಕೊಂಡು, "ಅಪ್ಪಾ, ಇದು ಅಡುಗೆ ಸೋಡ" ಅಂದಳು. "ಅಷ್ಟು ದೊಡ್ಡ ಮನುಷ್ಯರು ಸೋಡ ಯಾಕವ್ವಾ ಹಾಕ್ತಾರೆ?" ಎಂದು ತೋಂಟದಾರ್ಯ ನಂಬಲೇ ಇಲ್ಲ.

ಬೇರೆ ನೀರು ಬೇಕು, ಅದೂ ಇವತ್ತೇ. ಮಂಡಿಗೆ ರಜೆ ಹಾಕಿ ದಬ್ಬೇಘಟ್ಟಕ್ಕೆ ಓಡಿದೆವು. ಅಲ್ಲಿಗೆ ನಾಲೆಯ ನೀರು ಬರುತ್ತದೆ, ಬಾವಿಗಳೆಲ್ಲ ಸಿಹಿ ಎಂದು ಯಾರೋ ಹೇಳಿದ್ದರು. ಅಲ್ಲಿಯೂ ಬೇಳೆಯ ಪೊಟ್ಟಣ ನೋಡಿದವರು ನಮ್ಮನ್ನು ನೇರವಾಗಿ ವಿಮಲಮ್ಮ ಎಂಬುವರ ಮನೆಗೆ ಬಿಟ್ಟರು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆಕೆ ಬೇಳೆಯನ್ನು ನಮ್ಮೆದುರಿಗೇ, ಹಿತ್ತಲ ಒಲೆಯ ಮೇಲೆ ಬೇಯಲಿಟ್ಟರು. ಬೆಂದಿತು. "ಬೆಂದೈತೆ. ಉಣ್ತೀರೋ, ಎಲೆಅಡಿಕೆ ಕೊಡ್ಲೋ?" ಎಂದು ನಮ್ಮ ಮುಖವನ್ನೇ ನೋಡುತ್ತಾ ಕೇಳಿದರು. "ಉಣ್ದೆ ಏನವ್ವಾ, ಹೊಟ್ಟೆ ಹಸ್ದೈತೆ!" ಅಂದ ನನ್ನ ಗೆಳೆಯ.

ದಬ್ಬೇಘಟ್ಟದ ನೀರಿಗೆ ಮೀನು ಚೇತರಿಸಿಕೊಂಡವು. ವಾರಕ್ಕೊಂದು ಬಿಂದಿಗೆ ತಂದು ಸ್ವಲ್ಪ ಸ್ವಲ್ಪ ನೀರು ಬದಲಿಸತೊಡಗಿದೆವು. ಹೋದಾಗಲೆಲ್ಲ ಊಟವೂ ಆಗುತ್ತಿತ್ತು.

ಯುಗಾದಿ ಕಳೆದ ಭಾನುವಾರ ನಾನು ಜಗಲಿಯಲ್ಲಿ ಕೂತಿದ್ದೆ. ಬೀದಿಗೆ ಒಂದು ಮೆಟಡೋರ್ ಬಂತು. ಅದರಿಂದ ಮರುಳಪ್ಪನವರು, ಅವರ ಹೆಂಡತಿ, ಅಣ್ಣತಮ್ಮಂದಿರು, ತಟ್ಟೆಯಲ್ಲಿ ಸೀರೆ, ಹೂವು, ಹಣ್ಣು, ಕಾಯಿ ಇಳಿದವು. ಮದುವೆ ವಯಸ್ಸಿನ ಅವರ ಮಗನೂ ಬಂದಿದ್ದ, ಆದರೆ ಗಾಡಿ ಒರೆಸುತ್ತಾ ಹೊರಗೇ ಉಳಿದ. ಇವರೆಲ್ಲ ಒಳಗೆ ಹೋಗಿ ಚಾಪೆಯ ಮೇಲೆ ಕೂರುವಷ್ಟರಲ್ಲಿ ಬಸ್ ಸ್ಟ್ಯಾಂಡ್ ಕಡೆಯಿಂದ ವಿಮಲಮ್ಮ, ಅವರ ಅಣ್ಣ, ಮೇಷ್ಟ್ರು ಮಗ ನಡೆದುಕೊಂಡು ಬಂದರು. ಅವರ ಕೈಯಲ್ಲೂ ತಟ್ಟೆ. ನನಗೆ ಆಗ ಹೊಳೆಯಿತು. 

ತೋಂಟದಾರ್ಯ ಸಂತೆಗೆ ಹೋಗಿದ್ದ, ಶಿವರುದ್ರಮ್ಮ ಬಂದವರು ಯಾರೆಂದು ತಿಳಿಯದೆ ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದರು. ಒಳಗೆ ಎರಡು ಪಕ್ಷದವರೂ ಎದುರುಬದುರು ಕೂತು, ಎದುರಿಗಿರುವವರೇ ಹೆಣ್ಣಿನ ಕಡೆಯ ನೆಂಟರೆಂದು ತಿಳಿದು ಒಬ್ಬರನ್ನೊಬ್ಬರು ಹೊಗಳಲು ಹತ್ತಿದ್ದರು.

"ನಿಮ್ಮ ಮನೆತನ ಬಾಳ ದೊಡ್ಡದು ಅಂತ ಕೇಳಿದ್ದೀವಿ" ಅಂದರು ಮರುಳಪ್ಪ.

"ಎಲ್ಲಾ ನಿಮ್ಮ ದೊಡ್ಡಗುಣ" ಅಂದರು ವಿಮಲಮ್ಮನ ಅಣ್ಣ. "ಹುಡುಗಿ ಬಂಗಾರದಂಥೋಳಂತೆ."

"ನೀವೇ ಹೇಳ್ಬೇಕು. ಎತ್ತಿ ಆಡಿಸಿದೋರು ನೀವು."

"ನಾವೆಲ್ಲಿ ಎತ್ತಿ ಆಡಿಸಿದ್ವಿ? ನೀವಲ್ವಾ?"

ಅಲ್ಲಿಗೆ ಗೊತ್ತಾಯಿತು. ತೋಂಟದಾರ್ಯ ಬದನೆಕಾಯಿಯ ಚೀಲ ಹಿಡಿದು ಒಳಗೆ ಬಂದಾಗ ಎರಡು ಪಕ್ಷವೂ ಒಟ್ಟಿಗೆ ಅವನ ಮೇಲೆ ಬಿದ್ದವು.

"ನಮ್ಮನೇಲಿ ಎರಡು ಸಲ ಉಂಡವ್ನೆ! ಹೋಳಿಗೆ ಬೇರೆ!"

"ನಮ್ಮನೇಲಿ ವಾರವಾರ ಉಂಡವ್ರೆ!"

ನಾನು ಹಿಂಬಾಗಿಲಿನಿಂದ ಓಡಿಹೋಗಿ ಸಾಹುಕಾರರನ್ನು ಕರೆತಂದೆ. ಶಂಭುಲಿಂಗಯ್ಯನವರು ಕುರ್ಚಿಯ ಮೇಲೆ ಕೂತು ವಿಚಾರಣೆ ಶುರುಮಾಡಿದರು.

"ಉಂಡಿದ್ದು ನಿಜವೇನಯ್ಯಾ?"

"ನಿಜ ಸ್ವಾಮಿ."

"ಎರಡು ಮನೇಲೂ?"

"ಬೆಂದ ಬೇಳೆ ಬಿಸಾಕೋಕೆ ಮನಸ್ಸಾಗ್ಲಿಲ್ಲ ಸ್ವಾಮಿ. ನಾನು ಹೋಗಿದ್ದು ಬರೀ ನೀರಿಗೆ."

"ಹೆಣ್ಣಿನ ತಂದೆ ಹೋಗೋದು ಇನ್ಯಾತಕ್ಕೆ?" ಎಂದು ಮರುಳಪ್ಪ ಗುಡುಗಿದರು.

ತೋಂಟದಾರ್ಯ ಹೆಂಡತಿಯ ಮುಖ ನೋಡಿದ. ಆಕೆ ಕಣ್ಣು ಮುಚ್ಚಿಕೊಂಡರು. ಅವನು ಹೋಗಿ ಪರದೆ ಸರಿಸಿದ.

ಇಡೀ ನಡುಮನೆ ಬಾಯಿ ಬಿಟ್ಟಿತು. ಮೀನುಗಳೂ ಬಾಯಿ ಬಿಡುತ್ತಿದ್ದವು. "ಮೀನಿಗಾ? ನಮ್ಮ ಅಪ್ಪ ತೋಡಿಸಿದ ಬಾವಿ ನೀರು ಮೀನಿಗಾ?" ಎಂದು ಮರುಳಪ್ಪ ಎದ್ದರು. ಅಷ್ಟರಲ್ಲಿ ಅವರ ಹೆಂಡತಿ, ಪಾಪ, ಒಳ್ಳೆಯ ಹೆಂಗಸು, ಎದೆ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ, ನಾನು ಬಿಂದಿಗೆಗೇ ಸೋಡ ಹಾಕಿ ಕೊಟ್ಟಿದ್ನಲ್ರೀ! ಮೀನಿಗೇನೂ ಆಗ್ಲಿಲ್ವಾ?" ಅಂದುಬಿಟ್ಟರು.

ಮರುಳಪ್ಪನವರು ಹೆಂಡತಿಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಮತ್ತೆ ಕೂತರು. ಕೂತರೂ ಹಟ ಬಿಡಲಿಲ್ಲ. "ಸೋಡ ಗೀಡ ಆಮೇಲೆ. ಉಂಡಿದ್ದಂತೂ ಉಂಡಿದ್ದೇ."

ಸಾಹುಕಾರರು ಗಂಟಲು ಸರಿಮಾಡಿಕೊಂಡರು. "ಅದು ಸರಿ. ಯಾತಕ್ಕೆ ಹೋಗಿದ್ರೂ ಉಂಡ ಮೇಲೆ ಮಾತು ಮಾತೇ. ಈ ಎರಡು ಮನೇಲಿ ಒಂದಕ್ಕೆ ಹೆಣ್ಣು ಕೊಡಬೇಕು. ಇವತ್ತೇ ತಾಂಬೂಲ, ಈ ತಿಂಗಳಲ್ಲೇ ಮದುವೆ."

ಈ ತಿಂಗಳಲ್ಲೇ ಪರೀಕ್ಷೆ. ತೋಂಟದಾರ್ಯನ ಕೈಯಿಂದ ಚೀಲ ಜಾರಿ ಬದನೆಕಾಯಿ ಉರುಳಿದವು. ಮಗಳಿಗೆ ಕೊಟ್ಟ ಮಾತು, ಸಾಹುಕಾರರ ತೀರ್ಪು. ಅವನ ಮುಖ ನೋಡಲಾಗದೆ ನಾನು ಬಗ್ಗಿ ಬದನೆಕಾಯಿ ಆಯತೊಡಗಿದೆ.

ಆಗ ಗಿರಿಜ ಕೋಣೆಯಿಂದ ಹೊರಗೆ ಬಂದಳು. ಕೈಯಲ್ಲಿ ಪುಸ್ತಕ ಹಾಗೇ ಇತ್ತು.

"ಸಾಹುಕಾರ್ರೇ, ಉಂಡೋರು ಯಾರು?"

"ನಿಮ್ಮಪ್ಪ ಕಣವ್ವಾ."

"ಹಂಗಾದ್ರೆ ಅವರನ್ನೇ ಕರ್ಕೊಂಡು ಹೋಗ್ಲಿ. ನೀರು ಸೇದ್ತಾರೆ, ತೋಟದ ಲೆಕ್ಕ ಬರೀತಾರೆ. ಹದಿನೈದು ದಿನ ಹಂದನಕೆರೆ, ಹದಿನೈದು ದಿನ ದಬ್ಬೇಘಟ್ಟ. ನಾನು ಒಂದು ತುತ್ತೂ ಉಂಡಿಲ್ಲ. ನಂಗೆ ಪರೀಕ್ಷೆ ಐತೆ."

ಮೊದಲು ನಕ್ಕವರು ವಿಮಲಮ್ಮ. ಸೆರಗಲ್ಲಿ ಬಾಯಿ ಮುಚ್ಚಿಕೊಂಡರೂ ಹೆಗಲು ಕುಣಿಯುತ್ತಿತ್ತು. ಆಮೇಲೆ ಮರುಳಪ್ಪನ ಹೆಂಡತಿ, ಆಮೇಲೆ ಸಾಹುಕಾರರು. ನ್ಯಾಯಸ್ಥಾನದಲ್ಲಿ ಕೂತವರು ನಗಬಾರದೆಂದು ಅವರು ತಡೆದು ನೋಡಿದರು, ಕುರ್ಚಿ ಕಿರುಗುಟ್ಟಿತು. ಮರುಳಪ್ಪ ಮಾತ್ರ ನಗಲಿಲ್ಲ. "ಉಂಡ ಋಣ ನಗುವಿಂದ ತೀರಲ್ಲ" ಅಂದರು.

"ಉಂಡಿದ್ದು ಉಣ್ಣಿಸಿದ್ರೆ ತೀರುತ್ತೆ" ಎಂದು ಅಡುಗೆಮನೆಯ ಬಾಗಿಲಿನಿಂದ ಶಿವರುದ್ರಮ್ಮ ಹೇಳಿದರು. "ಎರಡು ಮನೆಯೋರೂ ಇವತ್ತು ಇಲ್ಲೇ ಉಣ್ಣಿ. ಅಲ್ಲಿಗೆ ಸರಿಗೆ ಸರಿ."

ಸಾಹುಕಾರರು ತಲೆಯಾಡಿಸಿದರು. "ಆಗಬಹುದು."

"ಆಗ್ಲಿ. ಆದ್ರೆ ಬೇಳೆ ಬೆಂದಿರ್ಬೇಕು" ಅಂದರು ಮರುಳಪ್ಪ. "ಬೇಯದ ಬೇಳೆ ಬಡಿಸಿದ್ರೆ ಅದು ಊಟ ಅಲ್ಲ, ಲೆಕ್ಕಕ್ಕಿಲ್ಲ."

 ತಿಪಟೂರಿನ ನೀರಲ್ಲಿ ಬೇಳೆ! ಮನೆಯಲ್ಲಿದ್ದ ಮೆದು ನೀರೆಂದರೆ ತೊಟ್ಟಿಯ ಪಕ್ಕದ ಒಂದೇ ಬಿಂದಿಗೆ, ದಬ್ಬೇಘಟ್ಟದ್ದು, ಅವತ್ತು ಮೀನಿಗೆ ಬದಲಿಸಬೇಕಾದದ್ದು. ಆ ವಾರದ ಸೆಕೆಗೆ ತೊಟ್ಟಿಯ ನೀರು ಕೆಟ್ಟು, ಮೀನುಗಳು ಬೆಳಿಗ್ಗೆಯಿಂದಲೇ ಸ್ವಲ್ಪ ವಾಲಲು ಹತ್ತಿದ್ದವು.

ತೋಂಟದಾರ್ಯ ತೊಟ್ಟಿಯ ಮುಂದೆ ನಿಂತ. ಮೀನು ನೋಡಿದ, ಮಗಳನ್ನು ನೋಡಿದ. "ಕ್ಷಮಿಸ್ರಪ್ಪಾ" ಎಂದು ಮೀನುಗಳಿಗೆ ಕೈಮುಗಿದು, ಬಿಂದಿಗೆ ಹೆಗಲಿಗೆ ಏರಿಸಿ ತಾನೇ ಅಡುಗೆಮನೆಗೆ ಹೊತ್ತು ಕೊಟ್ಟ. ಕಣ್ಣಲ್ಲಿ ನೀರಿತ್ತು. ನಗಬೇಡಿ, ನನಗೂ ಬಂದಿತ್ತು.

ಬೇಳೆ ಬೆಂದಿತು. ಎಲ್ಲರೂ ಉಂಡರು. ಮರುಳಪ್ಪನವರು ಬೇಳೆ ಹಿಸುಕಿ ನೋಡಿ, ಎರಡನೆಯ ಸಲವೂ ಬಡಿಸಿಕೊಂಡು, "ಸರಿ, ಚುಕ್ತಾ" ಎಂದು ಎದ್ದರು. ಮೇಷ್ಟ್ರು ಹುಡುಗ ಉಂಡು ಕೈ ತೊಳೆದವನು ಸೀದಾ ತೊಟ್ಟಿಯ ಬಳಿ ಹೋಗಿ ಕೂತ. "ಮಳೆನೀರು ಅರ್ಧ, ಇಲ್ಲಿಯ ನೀರು ಅರ್ಧ ಹಾಕಿದ್ರೆ ಸಾಕಿತ್ತಲ್ಲ?" ಎಂದು ಗಿರಿಜಳನ್ನು ಕೇಳಿದ. "ನಾನು ಅದನ್ನೇ ಬಡ್ಕೊಂಡೆ" ಅಂದಳು ಅವಳು. ವಿಮಲಮ್ಮ ಹೊರಡುವಾಗ ಅವಳ ಗಲ್ಲ ಹಿಡಿದು, "ಪರೀಕ್ಷೆ ಚೆನ್ನಾಗಿ ಬರಿಯವ್ವಾ. ಆಮೇಲೆ ಮನಸ್ಸಿದ್ರೆ ನೀನೇ ಬಾ, ಬೇಳೆ ಹಿಡ್ಕೊಂಡು. ಮನಸ್ಸಿಲ್ದಿದ್ರೆ ಎಲೆಅಡಿಕೆ ಹಾಕ್ಕೊಂಡು ಹೋಗು" ಅಂದರು.

ಅವತ್ತು ಸಾಯಂಕಾಲ ರೇವತಿ ಮಳೆ ಹೊಡೆಯಿತು. ಗಿರಿಜ ಹೆಂಚಿನ ಧೂಳೆಲ್ಲ ತೊಳೆದು ಹೋಗುವ ತನಕ ಕಾದು, ಆಮೇಲೆ ಸೂರಿನ ಕೆಳಗೆ ಹಂಡೆ, ಕೊಳಗ, ತಪ್ಪಲೆ ಎಲ್ಲ ಸಾಲಾಗಿ ಇಟ್ಟಳು. ತೋಂಟದಾರ್ಯ ತಲೆ ಮೇಲೆ ಗೋಣಿಚೀಲ ಹಾಕಿಕೊಂಡು ನೀರು ಮೊಗೆದು ಕೊಟ್ಟ. ಬೆಳಗಾಗುವ ಹೊತ್ತಿಗೆ ಮೀನುಗಳು ನೆಟ್ಟಗೆ ನಿಂತು ಆಡುತ್ತಿದ್ದವು. ಶಿವರುದ್ರಮ್ಮ ನೋಡಿ ಕೈಮುಗಿದರು. "ನಾಮದೋರಾಗೇ ಇರ್ಲಿ ಬುಡ್ರೀ. ನೆಟ್ಟಗಿದ್ರೆ ಸಾಕು" ಅಂದರು.

ಗಿರಿಜ ಪರೀಕ್ಷೆ ಬರೆದಳು. ಮುಗಿದ ಮೇಲಿನ ಭಾನುವಾರ ಸೀರೆ ಉಟ್ಟು, ಕರ್ಚೀಫಿನಲ್ಲಿ ಏನೋ ಗಂಟು ಕಟ್ಟಿಕೊಂಡು ಹೊರಟಳು. ಜೊತೆಗೆ ನನ್ನ ಹೆಂಡತಿ. ಬಸ್ ಹತ್ತಿಸಲು ಹೋದ ತೋಂಟದಾರ್ಯ ಗಂಟು ಮುಟ್ಟಿ ನೋಡಿದ. ತೊಗರಿಬೇಳೆ.

"ಮಳೆನೀರು ಬೇಕಾದಷ್ಟು ಐತಲ್ಲವ್ವಾ. ಮೀನಿಗೆ ಇನ್ನೆಲ್ಲಿ ನೀರು ನೋಡೋಕೆ ಹೋಗ್ತೀಯಾ?"

"ಮೀನಿಗಲ್ಲಪ್ಪಾ" ಅಂದಳು ಗಿರಿಜ. ದಬ್ಬೇಘಟ್ಟದ ಬಸ್ ಹೊರಟಿತು.

ಅದು ತಿರುವು ದಾಟುವ ಹೊತ್ತಿಗೆ ಅವನಿಗೆ ಅರ್ಥವಾಯಿತು. ಪಂಚೆ ಎತ್ತಿಕಟ್ಟಿ ಬಸ್ಸಿನ ಹಿಂದೆ ಓಡಿದ. "ಗಿರಿಜಾ! ಬರೀ ಬೇಳೆ ನೋಡ್ಕೊಂಡು ಬಾ! ಅವಸರ ಮಾಡ್ಬ್ಯಾಡ! ಉಣ್ಣಬ್ಯಾಡ ಕಣವ್ವಾ, ಉಣ್ಣಬ್ಯಾಡ!" ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡಿತು.

ಸಂಜೆ ಗಿರಿಜ ವಾಪಸ್ ಬಂದಳು. ತೋಂಟದಾರ್ಯ ಜಗಲಿಯಲ್ಲೇ ಕಾಯುತ್ತಿದ್ದ, ಮಗಳ ಮುಖ ನೋಡಿ ಎದ್ದು ನಿಂತ. ಒಳಗೆ ಶಿವರುದ್ರಮ್ಮ ತಟ್ಟೆ ಹಾಕಿ ಊಟಕ್ಕೆ 'ಬಾರೇ' ಎಂದು ಕೂಗಿದರು.

"ನಂಗೆ ಬ್ಯಾಡಮ್ಮಾ" ಅಂದಳು ಗಿರಿಜ. "ಅಲ್ಲೇ ಉಂಡು ಬಂದೆ."